ಮೆರವಣಿಗೆಗೆ ಸಿಗೋ ರಸ್ತೆ ಮಗಳ ಓಟಕ್ಕೆ ಯಾಕಿಲ್ಲ?

ಕೆಳಗೆ ಜೈಭೀಮ್ ಅಂತ ಹಾಕೋಕೆ ಮುಂಚೆ ಪೂರ್ತಿ ಓದಿ. ಈ ಸಲ ಬೈತಿರೋದು ಅವರನ್ನಷ್ಟೇ ಅಲ್ಲ, ನಮ್ಮನ್ನೂ. ಮೊದಲು ನನ್ನನ್ನ.

ನನ್ನ ಮಗಳು ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಡಿಗ್ರಿ ಎರಡನೇ ವರ್ಷ ಓದ್ತಾಳೆ. ಒಂದೂವರೆ ವರ್ಷದಿಂದ ಬೆಳಿಗ್ಗೆ ಓಡ್ತಾಳೆ. ನಾನು ಹೇಳಿದ್ದಲ್ಲ. ಹಾಸ್ಟೆಲ್‌ನ ಸೀನಿಯರ್ ಹುಡುಗಿಯೊಬ್ಬಳು ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ತಯಾರಿ ಮಾಡ್ತಿದ್ದಳು. ಒಬ್ಬಳೇ ಹೋಗೋಕೆ ಬೇಜಾರು ಅಂತ ಇವಳನ್ನೂ ಎಬ್ಬಿಸಿದಳು, ಇವಳು ಹೋದಳು. ಮೊದಲ ದಿನ ಮೈದಾನ ಅರ್ಧ ಸುತ್ತು ಹೊಡೆದು ಹುಲ್ಲಿನ ಮೇಲೆ ಕೂತುಬಿಟ್ಟಿದ್ದಳಂತೆ. ಆಮೇಲಾಮೇಲೆ ಐದು ಕಿಲೋಮೀಟರ್ ನಿಲ್ಲದೆ ಓಡೋ ಮಟ್ಟಕ್ಕೆ ಬಂದಳು. ಆ ದಿನ ಖುಷಿಯಿಂದ ಫೋನ್ ಮಾಡಿದಾಗ ನಾನು ಆಫೀಸಲ್ಲಿ ಟಪಾಲು ರಿಜಿಸ್ಟರ್ ಬರೀತಾ ಕೂತಿದ್ದೆ. "ಹೂಂ, ಸರಿ, ತಿಂಡಿ ತಿಂದ್ಯಾ?" ಅಂದೆ. ಅಷ್ಟೇ.

ಏಪ್ರಿಲ್ ಮಧ್ಯದಲ್ಲಿ ಓದೋದಕ್ಕೆ ರಜೆ ಕೊಟ್ಟರು, ಆಮೇಲೆ ಪರೀಕ್ಷೆ, ಓಟ ನಿಂತಿತು. ಪರೀಕ್ಷೆ ಮುಗೀತಿದ್ದ ಹಾಗೇ ಹಾಸ್ಟೆಲ್ ಮೆಸ್ಸು ಬಂದ್. ಬ್ಯಾಗು ತುಂಬಿಕೊಂಡು ಊರಿಗೆ ಬಂದಳು. ಬಂದ ಮೇಲೆ ನಿದ್ದೆ, ಮಾವಿನಹಣ್ಣು, ಚಿಕ್ಕಪ್ಪನ ಮಗನ ಮದುವೆ. ಒಟ್ಟು ಐದು ವಾರ ಓಡಿರಲಿಲ್ಲ. ಮೇ ತಿಂಗಳ ಒಂದು ಸೋಮವಾರ ಐದೂಕಾಲಿಗೆ ಎದ್ದು ಶೂ ಕಟ್ಟಿಕೊಂಡಳು.

ಇಷ್ಟು ದಿನ ಬಿಟ್ಟು ಮತ್ತೆ ಶುರು ಮಾಡೋದು ಹೊಸದಾಗಿ ಶುರು ಮಾಡೋದಕ್ಕಿಂತ ಕಷ್ಟ ಅಂತ ಅವಳೇ ಹೇಳಿದ್ದು. ಮೊದಲು ಹೋಗೋದು ದಮ್ಮು. ಆದ್ರೆ ಅದು ಬೇಗ ವಾಪಸ್ಸೂ ಬರುತ್ತಂತೆ. ಮೀನಖಂಡ, ಹಿಮ್ಮಡಿಯ ಮೇಲಿನ ನರ, ಮೊಣಕಾಲ ಕೆಳಗಿನ ಮೂಳೆ, ಇವು ನಿಧಾನ. ದಮ್ಮು ಬಂತಲ್ಲ ಅಂತ ನಂಬಿಕೊಂಡು ಮೊದಲ ವಾರವೇ ಹಳೇ ವೇಗಕ್ಕೆ ಹೋದರೆ ಕಾಲು ಹಿಡಿದುಕೊಳ್ಳುತ್ತೆ, ಮತ್ತೆ ಒಂದು ತಿಂಗಳು ಮನೇಲಿ. ಅದಕ್ಕೆ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಒಟ್ಟು ಇಪ್ಪತ್ತು ನಿಮಿಷ, ವಾರಕ್ಕೆ ನಾಲ್ಕು ದಿನ. ಮೇ ತಿಂಗಳ ಬಿಸಿಲು ಏಳೂವರೆಗೇ ಚುರುಗುಟ್ಟುತ್ತೆ, ಅಷ್ಟರಲ್ಲಿ ಮುಗಿದಿರಬೇಕು. ಇದನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕೋಷ್ಟಕ ಹಾಕಿ ಬರೆದಿದ್ದಳು. ಕೋಷ್ಟಕ ಹಾಕೋ ಬುದ್ಧಿ ನನ್ನಿಂದ ಬಂದಿರಬೇಕು.

ಕೋಷ್ಟಕದಲ್ಲಿ ಎಲ್ಲಾ ಇತ್ತು. ಓಡೋಕೆ ಜಾಗ ಎಲ್ಲಿ ಅನ್ನೋದು ಮಾತ್ರ ಇರಲಿಲ್ಲ.

ನಮ್ಮೂರಿನ ಹೆಸರು ಬೇಕಂತಲೇ ಬರೀತಿಲ್ಲ. ನಂಜನಗೂಡು ಕಡೆ ಅಂದುಕೊಳ್ಳಿ ಸಾಕು. ನಿಮ್ಮೂರಿನ ನಕ್ಷೆಯೂ ಇದೇ ಇರುತ್ತೆ. ಕೇರಿ ಊರಿನ ಒಂದು ಕೊನೆಗೆ, ತಗ್ಗಿನಲ್ಲಿ. ಕೇರಿಯಿಂದ ಮೇನ್ ರೋಡಿಗೆ ಒಂದೂವರೆ ಕಿಲೋಮೀಟರ್ ಡಾಂಬರು ರಸ್ತೆ. ಅದು ಊರಿನ ಹೊಟ್ಟೆಯೊಳಗೇ ಹಾದು ಹೋಗುತ್ತೆ: ಅರಳಿಕಟ್ಟೆ, ಮಾರಮ್ಮನ ಗುಡಿ, ಹಾಲಿನ ಡೇರಿ, ಆಮೇಲೆ ಶಾಲೆ. ಶಾಲೆ ಮೈದಾನ ಇದೆ, ಬೇಸಿಗೆ ರಜೆ ಅಂತ ಗೇಟಿಗೆ ಬೀಗ. ಇನ್ನೊಂದು ಕಡೆ ನಾಲೆ ಏರಿ ಇದೆ. ಮಣ್ಣಿನ ದಾರಿ, ಕಾಲಿಗೆ ಒಳ್ಳೇದು. ಆದ್ರೆ ರಾತ್ರಿ ಕುಡಿದವರು ಒಡೆದ ಬಾಟಲಿ, ಬೆಳಿಗ್ಗೆ ಚೊಂಬು ಹಿಡಿದು ಬರೋ ಗಂಡಸರು, ಕೂಗಿದರೆ ಕೇಳಿಸೋಕೆ ಒಂದು ಮನೆ ಇಲ್ಲ. ಹತ್ತೊಂಬತ್ತು ವರ್ಷದ ಹುಡುಗಿಯನ್ನ ಆ ಕಡೆ ಕಳಿಸೋರು ಯಾರು? ಉಳಿದಿದ್ದು ಡಾಂಬರು ರಸ್ತೆ.

ಸೋಮವಾರ ಓಡಿದಳು, ಮಂಗಳವಾರ ಓಡಿದಳು. ಗುರುವಾರ ನಾನು ಬಸ್ಸಿಗೆ ಕಾಯ್ತಾ ನಿಂತಿದ್ದಾಗ ಊರಿನ ಹಿರಿಯರೊಬ್ಬರು ಹತ್ತಿರ ಬಂದರು. ಬಹಳ ಮರ್ಯಾದೆಯ ಮನುಷ್ಯ. ನನ್ನ ಮದುವೆಗೆ ಮುಯ್ಯಿ ಮಾಡಿದ್ದರು.

"ಏನ್ ಗುಮಾಸ್ತ್ರೇ, ಮಗಳು ರಜಕ್ಕೆ ಬಂದಂಗದೆ. ಒಳ್ಳೇದು. ಓಡ್ಲಿ ಬುಡಿ, ಯಾರ್ ಬ್ಯಾಡ ಅಂದಾರು. ಆದ್ರೆ ಗುಡಿ ಮುಂದೆ ಬೂಟಾಕ್ಕಂಡು ದಡದಡ ಅಂತ... ಹಿರೀಕ್ರು ಕೂತಿರ್ತಾರೆ. ನಮ್ ಹುಡುಗ್ರೂ ಸರಿಯಿಲ್ಲ. ನಾಳೆ ಏನಾರ ಅಂದ್ಬುಟ್ರೆ ನಿಮಗೂ ಬೇಜಾರು, ನಮಗೂ ಬೇಜಾರು."

ಈ ಮಾತನ್ನ ಬಿಡಿಸಿ ನೋಡಿ. ಇದರಲ್ಲಿ ಬೈಗುಳ ಇಲ್ಲ, ಜಾತಿ ಹೆಸರಿಲ್ಲ, ಬೆದರಿಕೆ ಕೂಡ ಇಲ್ಲ. ಠಾಣೆಗೆ ಹೋಗಿ ಹೇಳಿದರೆ ಬರೆದುಕೊಳ್ಳೋಕೆ ಏನೂ ಸಿಗಲ್ಲ. "ನಮ್ ಹುಡುಗ್ರು ಸರಿಯಿಲ್ಲ" ಅನ್ನೋದೇ ಅದರೊಳಗಿನ ದೊಣ್ಣೆ. ತಮ್ಮ ಹುಡುಗರನ್ನ ತಿದ್ದೋದು ಬಿಟ್ಟು ನನ್ನ ಮಗಳ ಶೂ ಬಿಚ್ಚಿಸೋಕೆ ಬಂದರು. ಇನ್ನೊಂದು ವಿಷಯ. ಆ ಬೀದಿಯ ಹುಡುಗರು ಮಿಲಿಟರಿ ಸೆಲೆಕ್ಷನ್‌ಗೆ ಅಂತ ಇದೇ ರಸ್ತೆಯಲ್ಲಿ, ಇದೇ ಗುಡಿ ಮುಂದೆ, ಇಂಥದ್ದೇ ಶೂ ಹಾಕಿಕೊಂಡು ವರ್ಷಗಟ್ಟಲೆ ಓಡಿದ್ದಾರೆ. ಆಗ ಮಾರಮ್ಮನಿಗೆ ದಡದಡ ಕೇಳಿಸಿರಲಿಲ್ಲ.

ಇಷ್ಟೆಲ್ಲ ನನಗೆ ಹೊಳೆದಿದ್ದು ರಾತ್ರಿ. ಬಸ್‌ಸ್ಟಾಪಿನಲ್ಲಿ ನಾನು ಹೇಳಿದ್ದು ಮೂರೇ ಪದ: "ಸರಿ ಅಣ್ಣ, ಹೇಳ್ತೀನಿ."

ನಮ್ಮಪ್ಪನ ಕಾಲದಲ್ಲಿ 'ಬುದ್ಧಿ' ಅನ್ನಬೇಕಿತ್ತು. ನಾನು 'ಅಣ್ಣ' ಅಂದೆ. ಇಪ್ಪತ್ತು ವರ್ಷ ಸಂಘಟನೆಯಲ್ಲಿ ಇದ್ದು ನಾನು ಗಳಿಸಿದ್ದು ಈ ಒಂದು ಪದವೇನೋ ಅನ್ನಿಸಿತು.

ಸಂಜೆ ಮನೆಗೆ ಬಂದು ಮಗಳಿಗೆ ಹೇಳಿದೆ. "ಅರಳಿಕಟ್ಟೆವರೆಗೂ ಹೋಗಿ ಅಲ್ಲೇ ತಿರುಗಿಕೊಂಡು ಬಂದ್ಬಿಡು ಮಗಾ. ಅಲ್ಲಿಂದ ಕೇರಿ, ಕೇರಿಯಿಂದ ಅಲ್ಲಿಗೆ, ನಾಲ್ಕು ಸಲ ಸುತ್ತಿದ್ರೆ ನಿನ್ನ ಲೆಕ್ಕ ಸರಿಹೋಗುತ್ತೆ." ಎಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದೆ ನೋಡಿ. ಬಾಬಾಸಾಹೇಬರ ಫೋಟೋ ಇರೋ ಗೋಡೆಗೆ ಒರಗಿಕೊಂಡು, ನನ್ನ ಕೈಯಾರೆ, ನನ್ನ ಮಗಳಿಗೆ ಊರಿನ ಗೆರೆ ಎಳೆದುಕೊಟ್ಟೆ.

ಅವಳು ಕೂಗಾಡಲಿಲ್ಲ. ಕೇಳಿದಳು, "ಅಪ್ಪ, ಏಪ್ರಿಲ್ ಹದಿನಾಲ್ಕನೇ ತಾರೀಖು ಇದೇ ರಸ್ತೇಲಿ ತಾನೇ ನೀನು ಮೆರವಣಿಗೆ ತಗೊಂಡೋಗಿದ್ದು? ಗುಡಿ ಮುಂದೆ ಹತ್ತು ನಿಮಿಷ ನಿಲ್ಸಿ ತಮಟೆ ಬಾರ್ಸಿದ್ರಿ. ನೀನು ಮೈಕಲ್ಲಿ ಈ ರಸ್ತೆ ಯಾರಪ್ಪಂದು ಅಂತ ಕೇಳ್ದೆ. ನಾನೂ ಚಪ್ಪಾಳೆ ಹೊಡ್ದೆ."

"ಅವತ್ತು ಪೊಲೀಸ್ರಿದ್ರು ಮಗಾ, ಪರ್ಮಿಷನ್ ಇತ್ತು, ಇನ್ನೂರು ಜನ ಇದ್ರು."

"ಅಂದ್ರೆ ವರ್ಷಕ್ಕೊಂದಿನ ನಮ್ದು. ಮಿಕ್ಕಿದ್ ದಿನ ಅವರ್ದು."

ಈ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇದ್ದರೆ ಹೇಳಿ. ನಾವು ಪರ್ಮಿಷನ್ ತಗೊಂಡು, ಡಿಜೆ ಹಾಕಿ, ನೀಲಿ ಶಾಲು ಹೊದ್ದು ವರ್ಷಕ್ಕೊಂದು ದಿನ ಆ ಬೀದಿಯಲ್ಲಿ ಹೋಗ್ತೀವಿ. ಅವರು ಬಾಗಿಲು ಹಾಕ್ಕೊಂಡು ಒಳಗೆ ಕೂತು ಸಹಿಸಿಕೊಳ್ತಾರೆ. ಮಾರನೇ ದಿನ ಎಲ್ಲಾ ಮೊದಲಿನಂತೆ. ಅವರಿಗೂ ಇದು ಗೊತ್ತು, ನಮಗೂ ಗೊತ್ತು. ಮೆರವಣಿಗೆ ಬೇಡ ಅಂತಿಲ್ಲ, ಅದಕ್ಕೂ ನಮ್ಮವರು ಪೆಟ್ಟು ತಿಂದಿದ್ದಾರೆ, ಕೇಸು ಹಾಕಿಸಿಕೊಂಡಿದ್ದಾರೆ. ಆದ್ರೆ ರಸ್ತೆ ನಮ್ಮದು ಅಂತ ಗೊತ್ತಾಗೋದು ಇನ್ನೂರು ಜನ ಒಟ್ಟಿಗೆ ಹೋದಾಗಲ್ಲ. ಒಬ್ಬಳು ಹುಡುಗಿ, ಒಬ್ಬಳೇ, ಯಾವ ಕಾರಣವೂ ಇಲ್ಲದೆ, ದಿನಾ ಬೆಳಿಗ್ಗೆ ಹೋಗಿ ಬಂದಾಗ.

ವೈಕಂ ನೆನಪು ಮಾಡಿಕೊಳ್ಳಿ. 1924ರ ಮಾರ್ಚ್ 30. ದೇವಸ್ಥಾನದ ಒಳಗೆ ಹೋಗೋಕೆ ಆಗ ಕೇಳಿದ್ದಲ್ಲ, ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯೋಕೆ ಕೇಳಿದ್ದು. ಸಾವಿರಾರು ಜನ ಸೇರಿದ್ದರೂ ನಿಷೇಧದ ಬೋರ್ಡಿನ ಕಡೆ ನಡೆದವರು ಮೂರೇ ಜನ: ಒಬ್ಬ ಪುಲಯ, ಒಬ್ಬ ಈಳವ, ಒಬ್ಬ ನಾಯರ್. ಹಿಡಿದು ಜೈಲಿಗೆ ಹಾಕಿದರು. ಮಾರನೇ ದಿನ ಇನ್ನೂ ಮೂರು ಜನ. ಪೆರಿಯಾರ್ ಅಲ್ಲಿಗೆ ಹೋಗಿ ಜೈಲು ಕಂಡರು. 1925ರ ನವೆಂಬರ್‌ವರೆಗೂ ನಡೀತು. ಕೊನೆಗೆ ಸಿಕ್ಕಿದ್ದೂ ಪೂರ್ತಿ ಅಲ್ಲ, ಮೂರು ಕಡೆಯ ರಸ್ತೆ ಬಿಟ್ಟರು, ಪೂರ್ವದ ಕಡೆಯದು ಬಿಡಲಿಲ್ಲ. ಒಂದು ರಸ್ತೆಯಲ್ಲಿ ಕಾಲಿಡೋಕೆ ಅಷ್ಟು ತಿಂಗಳು, ದಿನಾ, ಮತ್ತೆ ಮತ್ತೆ. ನಾವು ಅದನ್ನ ಭಾಷಣದಲ್ಲಿ ಹೇಳ್ತೀವಿ, ಮಗಳಿಗೆ ಅರಳಿಕಟ್ಟೆಯಲ್ಲಿ ತಿರುಗು ಅಂತೀವಿ.

ನಾನು ಗುಮಾಸ್ತ, ಕಲಂ ಉಪಕಲಂ ಓದೋದು ನನ್ನ ಚಟ. ಸಂವಿಧಾನದ 15ನೇ ವಿಧಿಯ ಎರಡನೇ ಖಂಡದಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆ ರಸ್ತೆ ಅನ್ನೋ ಪದವನ್ನೂ ಬಿಡಿಸಿ ಬರೆದಿದ್ದಾರೆ. ಸುಮ್ಮನೆ ಬರೆದಿದ್ದಲ್ಲ, ಕೆರೆ ನೀರು ಮುಟ್ಟಿದ್ದಕ್ಕೆ 1927ರಲ್ಲಿ ಮಹಾಡಿನಲ್ಲಿ ಏಟು ತಿಂದವರ ನಾಯಕ ಕರಡು ಸಮಿತಿಯ ಅಧ್ಯಕ್ಷ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿದಾಗ ಇನ್ನೂ ಬಿಡಿಸಿ ಬರೆದರು: ದಲಿತರು ಸೈಕಲ್ ಹತ್ತೋದನ್ನ, ಮೋಟಾರ್‌ಸೈಕಲ್ ಓಡಿಸೋದನ್ನ, ಸಾರ್ವಜನಿಕ ಸ್ಥಳದಲ್ಲಿ ಪಾದರಕ್ಷೆ ಹಾಕೋದನ್ನ, ಹೊಸ ಬಟ್ಟೆ ತೊಡೋದನ್ನ ತಡೆದರೆ ಅಪರಾಧ. ಓದ್ತಾ ಹೋದರೆ ನಮ್ಮ ಊರೂರಿನ ಚರಿತ್ರೆ ಓದಿದ ಹಾಗಿದೆ. ಆದ್ರೆ ಆ ಪಟ್ಟಿಯಲ್ಲಿ ಓಡುವುದು ಅಂತಿಲ್ಲ. ಇರೋದಾದ್ರೂ ಹೇಗೆ? ನಮ್ಮವರು ತಮ್ಮ ಖುಷಿಗೆ ಓಡ್ತಾರೆ ಅಂತ ಯಾರು ಅಂದುಕೊಂಡಿದ್ದರು?

ಓಟದ ಮಾತು ನಾನು ಕಂಡಿದ್ದು ನಮ್ಮ ರಾಜ್ಯದ್ದೇ ಇನ್ನೊಂದು ಕಾನೂನಿನಲ್ಲಿ. 2000ದಲ್ಲಿ ಮಾಡಿದ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ. ಅಜಲು ಅಂದ್ರೆ ಏನು ಅಂತ ಅದರಲ್ಲಿ ವಿವರಿಸಿದ್ದಾರೆ: ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳ ಶುರುವಾಗೋಕೆ ಮುಂಚೆ ಕೊರಗರನ್ನು ಕೋಣಗಳ ಹಾಗೆ ಓಡಿಸುವುದು. ಈ ನಾಡಿನಲ್ಲಿ ನಮ್ಮ ಜನರ ಓಟ ಕಾನೂನಿಗೆ ಕಾಣಿಸಿದ್ದು ಹಾಗೆ. ಬೇರೆಯವರು ಓಡಿಸಿದಾಗ.

ಈಗ ನಮ್ಮವರ ವಿಚಾರಕ್ಕೆ ಬರ್ತೀನಿ. ಇದನ್ನ ನಮ್ಮ ಗುಂಪಿನಲ್ಲಿ ಹೇಳಿಕೊಂಡೆ. ಒಬ್ಬ ಹಿರಿಯ ಸಂಗಾತಿ ಬರೆದರು: "ಕೂಲಿ ಇಲ್ಲ, ಜಮೀನಿಲ್ಲ, ಸ್ಮಶಾನಕ್ಕೆ ಜಾಗ ಇಲ್ಲ, ನಿಮಗೆ ಜಾಗಿಂಗ್ ಚಿಂತೆ. ಇದೆಲ್ಲ ಮಿಡ್ಲ್‌ಕ್ಲಾಸ್ ಶೋಕಿ ಬ್ರದರ್." ಹನ್ನೊಂದು ಜನ ಹೆಬ್ಬೆರಳು ಒತ್ತಿದ್ದರು.

ಸಂಗಾತಿ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಕೈಗೆ ಗಡಿಯಾರ ಕಟ್ಟಿಕೊಂಡು ಓಡೋದು ಶೋಕಿ ಅನ್ನಿ, ನನಗೇನೂ ಬೇಜಾರಿಲ್ಲ. ಆದ್ರೆ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಾದ ಹುಡುಗ 1600 ಮೀಟರನ್ನ ಆರೂವರೆ ನಿಮಿಷದಲ್ಲಿ, ಹುಡುಗಿ 400 ಮೀಟರನ್ನ ಎರಡು ನಿಮಿಷದಲ್ಲಿ ಓಡಬೇಕು ಅನ್ನೋದು ನಿಮಗೆ ಗೊತ್ತಿರಬೇಕಲ್ಲ. ಮೀಸಲಾತಿ ಇದೆ, ಅರ್ಜಿ ಹಾಕ್ತೀವಿ, ಲಿಖಿತ ಪರೀಕ್ಷೆಗೆ ಕೋಚಿಂಗ್ ಕೊಡಿಸಿ ಅಂತ ಮನವಿ ಕೊಡ್ತೀವಿ. ನಮ್ಮ ಹುಡುಗಿಯರು ಎಲ್ಲಿ ಓಡಿ ಕಲಿಯಬೇಕು ಅಂತ ಯಾವ ಮನವಿಯಲ್ಲಾದ್ರೂ ಬರೆದಿದ್ದೀವಾ? ನಾನೇ ನೂರಾರು ಮನವಿ ಟೈಪ್ ಮಾಡಿದ್ದೀನಿ, ಒಂದರಲ್ಲೂ ಬರೆದಿಲ್ಲ.

ಕೆಲಸದ ಮಾತು ಬಿಡಿ. ನನ್ನ ಮಗಳು ಪೊಲೀಸ್ ಆಗ್ತಾಳೋ ಇಲ್ಲವೋ ಅವಳಿಗೇ ಇನ್ನೂ ಗೊತ್ತಿಲ್ಲ. ಅವಳಿಗೆ ಓಡೋದು ಇಷ್ಟ, ಅಷ್ಟೇ. ಅಷ್ಟು ಸಾಕಾಗಲ್ವಾ? ನಮ್ಮ ಹುಡುಗಿ ಏನೇ ಮಾಡಿದರೂ ಅದರಿಂದ ಸಮುದಾಯಕ್ಕೆ ಏನು ಸಿಗುತ್ತೆ ಅಂತ ರಸೀದಿ ತೋರಿಸಬೇಕಾ? ರಸೀದಿ ತೋರಿಸಿದವರನ್ನೂ ಬಿಟ್ಟಿಲ್ಲ. ಟೋಕಿಯೊ ಒಲಿಂಪಿಕ್ಸಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಮೂರು ಗೋಲು ಹೊಡೆದ ವಂದನಾ ಕಟಾರಿಯಾ ಅವರ ಮನೆ ಮುಂದೆ, ಸೆಮಿಫೈನಲ್ ಸೋತ ದಿನ ಪಟಾಕಿ ಹಚ್ಚಿ ಜಾತಿ ಹಿಡಿದು ಬೈದರು. 2021ರ ಆಗಸ್ಟ್, ಬಹಳ ಹಿಂದಿನ ಕತೆಯಲ್ಲ. ದೇಶಕ್ಕೆ ಆಡಿದವಳಿಗೇ ಹೀಗಿರುವಾಗ ಸುಮ್ಮನೆ ಓಡೋಳಿಗೆ ಏನು ಗ್ಯಾರಂಟಿ ಅಂತ ನೀವು ಕೇಳಬಹುದು. ಯಾವ ಗ್ಯಾರಂಟಿಯೂ ಇಲ್ಲ. ಗೆದ್ದು ಬಂದ ಮೇಲೆ ಗೌರವ ಕೊಡ್ತಾರೆ ಅಂತ ಕಾಯೋದರಲ್ಲೂ ಅರ್ಥ ಇಲ್ಲ, ಅಷ್ಟು ಮಾತ್ರ ನನಗೆ ಗೊತ್ತಾಗಿದ್ದು.

ಮನೆಯಲ್ಲಿ ಈ ಮಾತೆಲ್ಲ ನಡೆಯುವಾಗ ನಮ್ಮವ್ವ ಜಗಲಿ ಮೇಲೆ ಅವರೆಕಾಯಿ ಬೀಜ ಆರಿಸ್ತಾ ಕೂತಿದ್ದಳು. ಎಪ್ಪತ್ತು ದಾಟಿದೆ. ಅವಳು ಮದುವೆಯಾಗಿ ಈ ಊರಿಗೆ ಬಂದಾಗ ಆ ಬೀದಿಯಲ್ಲಿ ನಮ್ಮವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೋಗಬೇಕಿತ್ತು. "ನಂಗೆ ಆ ಕಷ್ಟ ಇರ್ನಿಲ್ಲ, ಚಪ್ಲಿನೇ ಇರ್ನಿಲ್ಲ" ಅಂತ ನಗ್ತಾಳೆ. ಅವತ್ತು ನಗಲಿಲ್ಲ. ಹೇಳಿದಳು, ಜೀವಮಾನದಲ್ಲಿ ತಾನು ಜೋರಾಗಿ ಓಡಿದ್ದು ಒಂದೇ ಸಲವಂತೆ. ಕಡ್ಲೆಕಾಯಿ ಕಿತ್ತ ಹೊಲದಲ್ಲಿ ಉಳಿದಿದ್ದನ್ನ ಆರಿಸ್ತಿದ್ದಾಗ ಹೊಲದವರು ಅಟ್ಟಿಸಿಕೊಂಡು ಬಂದರು. ಮಡಿಲಲ್ಲಿದ್ದ ಕಾಯೆಲ್ಲ ಚೆಲ್ಲಿ ಹೋಯ್ತು. ನಾನು ಆಗ ಅವಳ ಹೊಟ್ಟೆಯಲ್ಲಿ ಏಳು ತಿಂಗಳು. ಇದನ್ನ ನಲವತ್ತು ವರ್ಷದಲ್ಲಿ ಒಂದು ದಿನವೂ ನನಗೆ ಹೇಳಿರಲಿಲ್ಲ.

"ಓಡ್ಲಿ ಬುಡ್ಲಾ," ಅಂದಳು. "ಯಾರೂ ಅಟ್ಟುಸ್ಕಂಡು ಬರ್ದೆ ಓಡದ ನಾನೂ ಒಂದಪ ನೋಡ್ಬೇಕು."

ಮಾರನೇ ದಿನ ಶುಕ್ರವಾರ. ಸ್ಕೂಟರ್‌ನಲ್ಲಿ ಹಿಂದೆ ಬರ್ತೀನಿ ಅಂದೆ ಮಗಳಿಗೆ. "ನೀನು ಹಿಂದೆ ಬಂದ್ರೆ ಅದೂ ಮೆರವಣಿಗೆನೇ ಆಗುತ್ತಪ್ಪ" ಅಂದಳು. ಸರಿ ಅಂತ ದಿನದ ಹಾಗೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗಿ ಸಾಲಿನಲ್ಲಿ ನಿಂತೆ. (ಡೇರಿಯಲ್ಲಿ ನಮ್ಮ ಹಾಲೂ ಅವರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತೆ. ಫ್ಯಾಟ್ ನೋಡೋ ಮಿಷನ್‌ಗೆ ಜಾತಿ ಗೊತ್ತಾಗಲ್ಲ.) ಬಸ್‌ಸ್ಟಾಪಿನಲ್ಲಿ ಬುದ್ಧಿ ಹೇಳಿದ ಹಿರಿಯರೂ ಅಲ್ಲೇ ಇದ್ದರು. ಮಗಳು ಅರಳಿಕಟ್ಟೆ ದಾಟಿ ಬಂದಳು. ಎರಡು ನಿಮಿಷದ ಓಟ ಮುಗಿದು ನಡಿಗೆಯ ನಿಮಿಷ ಸರಿಯಾಗಿ ಗುಡಿ ಮುಂದೆ ಬಂತು. ಅವಳು ಕೋಷ್ಟಕ ತಪ್ಪಿಸಲಿಲ್ಲ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನಕ್ಕೆ ನಡೆದಳು. ಆ ಒಂದು ನಿಮಿಷ ಡೇರಿ ಹತ್ತಿರ ಯಾರೂ ಮಾತಾಡಲಿಲ್ಲ. ನನ್ನ ಕೈ ನಡುಗ್ತಿತ್ತು, ಹಾಲು ಅಳತೆ ಪಾತ್ರೆಯ ಹೊರಗೆ ಚೆಲ್ಲಿತು. ಆಮೇಲೆ ಅವಳು ಮತ್ತೆ ಓಡಿದಳು.

ಸಿನಿಮಾ ಥರ ಏನೂ ಬದಲಾಗಿಲ್ಲ. ಹಿರಿಯರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮುಂದಿನ ವಾರ ಬೈಕಿನಲ್ಲಿ ಇಬ್ಬರು ಪಕ್ಕದಲ್ಲೇ ನಿಧಾನಕ್ಕೆ ಬಂದು ಶಿಳ್ಳೆ ಹೊಡೆದರು. ಮಗಳು ನಿಂತು ಫೋನ್ ತೆಗೆದು ಬೈಕಿನ ನಂಬರ್ ಫೋಟೋ ಹಿಡಿದಳು, ಹೊರಟುಹೋದರು. ತಾರೀಖು, ಸಮಯ, ಆಡಿದ ಮಾತು ಎಲ್ಲಾ ಒಂದು ಪುಸ್ತಕದಲ್ಲಿ ಬರೆದಿಡ್ತಿದ್ದೀನಿ, ಬೇಕಾಗಬಹುದು. ಕೇರಿಯ ಇನ್ನಿಬ್ಬರು ಹುಡುಗಿಯರು ನಾವೂ ಬರ್ತೀವಿ ಅಂದರು. ಒಬ್ಬಳು ಬರ್ತಿದ್ದಾಳೆ, ಅವಳ ಅಣ್ಣನ ಹಳೇ ಶೂಗೆ ಬಟ್ಟೆ ತುರುಕಿ ಹಾಕಿಕೊಂಡು. ಇನ್ನೊಬ್ಬಳಿಗೆ ಮನೇಲಿ ಬೇಡ ಅಂದರು, "ಮದ್ವೆ ಮಾಡೋ ಹುಡ್ಗಿ." ಅವಳಪ್ಪ ನಮ್ಮ ಸಂಘಟನೆಯವನೇ. ಮೆರವಣಿಗೆಯಲ್ಲಿ ಮುಂದಿನ ಸಾಲಿನಲ್ಲಿ ಬ್ಯಾನರ್ ಹಿಡಿದಿದ್ದವನು. ಅವನಿಗೆ ಬೈಯೋ ಯೋಗ್ಯತೆ ನನಗಿಲ್ಲ, ಗುರುವಾರ ಸಂಜೆ ನಾನೂ ಅವನೇ ಆಗಿದ್ದೆ. ಆದ್ರೂ ಕೇಳ್ತಿದ್ದೀನಿ ತಮ್ಮಾ, ನೀನು ಇದನ್ನ ಓದ್ತಿದ್ದೀಯ ಅಂತ ಗೊತ್ತು: ಅವಳನ್ನ ನಿಲ್ಲಿಸಿದ್ದು ಗುಡಿ ಬೀದಿಯವರಲ್ಲ, ನೀನು. ನಾಳೆ ಐದೂವರೆಗೆ ಅವಳನ್ನ ಕಳಿಸು.

ಐದು ವಾರದ ಅಂತರ ಮುಚ್ಚೋಕೆ ಮಗಳಿಗೆ ಮೂರು ವಾರ ಹಿಡೀತು. ಈಗ ಮೂರು ಕಿಲೋಮೀಟರ್, ಅಂದ್ರೆ ಕೇರಿಯಿಂದ ಮೇನ್ ರೋಡಿಗೆ ಹೋಗಿ ವಾಪಸ್, ನಡಿಗೆ ಇಲ್ಲದೆ ಮುಗಿಸ್ತಾಳೆ. ಐದಕ್ಕೆ ಇನ್ನೂ ಸಮಯ ಬೇಕಂತೆ. ಅವ್ವ ಅವಳಿಗೆ ರಾಗಿ ಅಂಬಲಿ ಕಾಯಿಸಿಟ್ಟು ಕಾಯ್ತಾಳೆ, ತಡವಾದರೆ ಬೀದಿ ತುದಿಗೆ ಬಂದು ನಿಲ್ತಾಳೆ.

ಇನ್ನು ಕೆಲಸದ ವಿಷಯ. ನರೇಗಾ ದುಡ್ಡಿನಲ್ಲಿ ಎಷ್ಟೋ ಶಾಲೆಗಳಿಗೆ ಆಟದ ಮೈದಾನ ಮಾಡಿದರು. ಮಕ್ಕಳಿಗೆ ರಜೆ ಬಂದು ಊರಿಗೆ ಬರೋ ಹೊತ್ತಿಗೇ ಸರಿಯಾಗಿ ಆ ಗೇಟುಗಳಿಗೆ ಬೀಗ ಬೀಳುತ್ತೆ. ರಜೆ ದಿನಗಳಲ್ಲೂ ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಮೈದಾನ ತೆಗೆದಿಡಬೇಕು, ಕೇರಿಯಿಂದ ಶಾಲೆವರೆಗೆ ಕೆಟ್ಟುಹೋಗಿರೋ ನಾಲ್ಕು ಬೀದಿದೀಪ ಸರಿ ಮಾಡಿಸಬೇಕು ಅಂತ ಗ್ರಾಮ ಪಂಚಾಯಿತಿಗೂ ಎಸ್‌ಡಿಎಂಸಿಗೂ ಅರ್ಜಿ ಬರೆದಿದ್ದೀನಿ. ಶನಿವಾರ ಹನ್ನೊಂದು ಗಂಟೆಗೆ ಕೊಡ್ತಿದ್ದೀವಿ. ಮೈದಾನ ಸಿಕ್ಕಿದರೂ ರಸ್ತೆ ಬಿಡಲ್ಲ, ಅದನ್ನ ಅರ್ಜಿಯಲ್ಲಿ ಬರೆದಿಲ್ಲ, ಇಲ್ಲಿ ಬರೀತಿದ್ದೀನಿ. ನಿಮ್ಮೂರಿನಲ್ಲೂ ಕೊಡೋದಿದ್ದರೆ ಅರ್ಜಿಯ ನಮೂನೆ ಕಳಿಸ್ತೀನಿ, ಇನ್‌ಬಾಕ್ಸ್‌ಗೆ ಬನ್ನಿ. ಆರು ನಂಬರ್ ಶೂ ಯಾರ ಹತ್ತಿರವಾದರೂ ಇದ್ದರೆ ಅದನ್ನೂ ಹೇಳಿ, ಹಳೇದಾದರೂ ಪರವಾಗಿಲ್ಲ.

ಶನಿವಾರ ಬರೋರು ಬನ್ನಿ. ಬ್ಯಾನರ್ ಬೇಡ.